ಸ್ಪಷ್ಟನೆ: ಇಲಿಯಡ್‌ನಲ್ಲಿ ಮರದ ಕುದುರೆ ಇಲ್ಲ

'ರಾಮಾಯಣ, ಇಲಿಯಡ್ ಎರಡೂ ಒಂದೇ ಕಥೆ. ಎರಡರಲ್ಲೂ ಹೆಣ್ಣಿನ ಅಪಹರಣ, ಕಡಲಾಚೆಯ ಯುದ್ಧ. ಇಲಿಯಡ್ ಮುಗಿಯುವುದು ಮರದ ಕುದುರೆಯಿಂದ ಟ್ರಾಯ್ ನಾಶವಾಗಿ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಗ್ರೀಕ್ ಕವಿ ಹೋಮರನ ಮಹಾಕಾವ್ಯ ಇಲಿಯಡ್‌ನ 24 ಭಾಗಗಳಲ್ಲಿ ಗ್ರೀಕ್ ಸೈನಿಕರು ಒಳಗೆ ಅಡಗಿಕೊಂಡು ಟ್ರಾಯ್ ನಗರ ಹೊಕ್ಕ ಆ ಕುದುರೆ ಎಲ್ಲೂ ಬರುವುದಿಲ್ಲ. ಟ್ರಾಯ್ ಬೀಳುವ ದೃಶ್ಯವೂ ಇಲ್ಲ. ಕುದುರೆಯ ಕಥೆ ಹೋಮರನದೇ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಚಿಕ್ಕದಾಗಿ, ರೋಮನ್ ಕವಿ ವರ್ಜಿಲ್‌ನ ಈನಿಯಡ್‌ನ 2ನೇ ಭಾಗದಲ್ಲಿ ವಿವರವಾಗಿ ಬರುತ್ತದೆ.

ಇಲಿಯಡ್ ಶುರುವಾಗುವುದು ಗ್ರೀಕ್ ವೀರ ಅಖಿಲೀಸನ ಸಿಟ್ಟಿನಿಂದ, ಮುಗಿಯುವುದು ಅವನು ಕೊಂದ ಟ್ರಾಯ್ ರಾಜಕುಮಾರ ಹೆಕ್ಟರನ ಶವಸಂಸ್ಕಾರದಿಂದ. ಕೊನೆಯ ಭಾಗ ತೆರೆದು ನೋಡಿ. ಹೆಕ್ಟರನ ಅಪ್ಪ, ಟ್ರಾಯ್‌ನ ಮುದಿ ದೊರೆ ಪ್ರಿಯಾಮ ರಾತ್ರಿ ಹೊತ್ತು ಶತ್ರು ಅಖಿಲೀಸನ ಬಿಡಾರಕ್ಕೆ ಹೋಗುತ್ತಾನೆ. ತನ್ನ ಮಕ್ಕಳನ್ನು ಕೊಂದ ಕೈಗಳಿಗೇ ಮುತ್ತಿಟ್ಟು, ಮಗನ ಹೆಣ ಕೊಡು ಎಂದು ಬೇಡುತ್ತಾನೆ. ಅಖಿಲೀಸನಿಗೆ ಊರಲ್ಲಿರುವ ತನ್ನ ಅಪ್ಪ ನೆನಪಾಗುತ್ತಾನೆ. ಇಬ್ಬರೂ ಅಳುತ್ತಾರೆ.

ಹೋಲಿಸುವುದಾದರೆ ಇದನ್ನು ಹೋಲಿಸಬಹುದು, ಅಲ್ವಾ? ನಮ್ಮ ರನ್ನನ ಗದಾಯುದ್ಧದಲ್ಲೂ ದುರ್ಯೋಧನ ರಣರಂಗದಲ್ಲಿ ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಶೌರ್ಯವನ್ನು ಮನಸಾರೆ ಹೊಗಳುತ್ತಾನೆ. ಅಪಹರಣದ ಹೋಲಿಕೆಗಿಂತ ಇದು ನನಗೆ ಜಾಸ್ತಿ ಗಟ್ಟಿ ಅನ್ನಿಸುತ್ತದೆ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.