ಏಳು ನಕ್ಷತ್ರಕ್ಕೆ ದುಡ್ಡು ತಗೊಂಡು ಆರು ಕೊಟ್ಟವರು

ಸೂರ್ಯನಿಗೂ ಚಂದ್ರನಿಗೂ ನಡುವೆ ಏಳು ನಕ್ಷತ್ರ ಇರಬೇಕು. ಅಂಗಡಿಯೊಂದರಿಂದ ದುಡ್ಡು ಕೊಟ್ಟು ತರಿಸಿಕೊಂಡ ನನ್ನ ಕತ್ತಿಯ ಅಲಗಿನ ಮೇಲೆ ಆರಿವೆ. ದೀಪದ ಕೆಳಗೆ ಹಿಡಿದು ಎಣಿಸಿದೆ, ಹೆಂಡತಿಯನ್ನು ಕರೆದು ನೀನೂ ಎಣಿಸು ಅಂದೆ. ಆರೇ.

ಕತ್ತಿ ಯಾವುದು ಅಂತ ಹೇಳಿಬಿಡ್ತೀನಿ. ಆಂಡುರಿಲ್. ಟೋಲ್ಕಿನ್ ಅವರ ಕಾದಂಬರಿ ‘ದ ಲಾರ್ಡ್ ಆಫ್ ದ ರಿಂಗ್ಸ್’ ಓದಿದವರಿಗೆ ಹೆಸರೇ ಸಾಕು. ಓದದವರಿಗೆ ಇಷ್ಟು: ನೊಗ್ರೊಡ್ ಎಂಬ ಕುಳ್ಳರ ಪಟ್ಟಣದಲ್ಲಿ ಟೆಲ್ಕಾರ್ ಎಂಬ ಕಮ್ಮಾರ ಮಾಡಿದ ಕತ್ತಿ ನಾರ್ಸಿಲ್. ಅದು ಎಲೆಂಡಿಲ್ ಎಂಬ ರಾಜನ ಪಾಲಿಗೆ ಬಂತು. ಸೌರಾನ್ ಎಂಬ ವೈರಿಯ ಜೊತೆಗಿನ ಕಾಳಗದಲ್ಲಿ ರಾಜ ಸತ್ತು ಬಿದ್ದಾಗ ಅವನಡಿಯಲ್ಲಿ ಕತ್ತಿಯೂ ಮುರಿಯಿತು. ಮಗ ಇಸಿಲ್ದುರ್ ಹಿಡಿ ಉಳಿದಿದ್ದ ತುಂಡಿನಿಂದಲೇ ವೈರಿಯ ಕೈಯಿಂದ ಉಂಗುರ ಕತ್ತರಿಸಿ ತೆಗೆದ. ಸುಮಾರು ಮೂರು ಸಾವಿರ ವರ್ಷ ಆ ವಂಶದವರು ಚೂರುಗಳನ್ನು ಕಾಪಾಡಿಕೊಂಡು ಬಂದರು. ಕೊನೆಗೆ ರಿವೆಂಡೆಲ್‌ನ ಎಲ್ಫ್ ಎಂಬ ಕುಲದ ಕಮ್ಮಾರರು ಅದನ್ನು ಮತ್ತೆ ಬೆಸೆದು, ಅಲಗಿನ ಮೇಲೆ ಬಾಲಚಂದ್ರ, ಕಿರಣದ ಸೂರ್ಯ, ನಡುವೆ ಏಳು ನಕ್ಷತ್ರ, ಸುತ್ತ ರೂನ್ ಎಂಬ ಹಳೇ ಲಿಪಿಯ ಅಕ್ಷರಗಳನ್ನು ಕೆತ್ತಿದರು. ಆ ವಂಶದ ಅರಗೋರ್ನ್ ಆಗ ಅದಕ್ಕೆ ಆಂಡುರಿಲ್ ಅಂತ ಹೊಸ ಹೆಸರಿಟ್ಟ.

ಆ ಏಳು ಅನ್ನೋದು ಅಲಂಕಾರಕ್ಕೆ ಹಾಕಿದ ಲೆಕ್ಕವಲ್ಲ. ಮುಳುಗಿದ ನ್ಯೂಮೆನೋರ್ ದ್ವೀಪದಿಂದ ಎಲೆಂಡಿಲ್ ಕಡೆಯವರು ಒಂಬತ್ತು ಹಡಗಿನಲ್ಲಿ ತಪ್ಪಿಸಿಕೊಂಡು ಬಂದರು. ಅವುಗಳಲ್ಲಿ ದೂರದ್ದನ್ನು ಕಾಣಿಸುವ ಪಲಂತೀರ್ ಕಲ್ಲು ಹೊತ್ತಿದ್ದ ಹಡಗು ಏಳು. ಒಂದೊಂದು ಹಡಗಿನ ಬಾವುಟಕ್ಕೆ ಒಂದೊಂದು ನಕ್ಷತ್ರ. ಒಂದು ನಕ್ಷತ್ರ ಬಿಟ್ಟರೆ ಒಂದು ಹಡಗನ್ನೇ ಬಿಟ್ಟಂತೆ. ಆ ಪುಸ್ತಕವನ್ನು ಕಾಲೇಜಿನ ದಿನಗಳಿಂದ ತಲೆದಿಂಬಿನ ಪಕ್ಕ ಇಟ್ಟುಕೊಂಡು ಬಂದವನಿಗೆ ಇದು ಎಷ್ಟು ಉರಿಯುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆ ಪುಸ್ತಕದ ಮೇಲೆ ಬಂದ ಸಿನಿಮಾದ ಕತ್ತಿ ಬೇಕಿದ್ದರೆ ಅದರ ನಕಲು ಬೇಕಾದಷ್ಟು ಸಿಗುತ್ತೆ. ಅದರ ಮೇಲಿನ ಬರಹ ಬೇರೆ, ಆಕಾರ ಬೇರೆ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಸಿನಿಮಾದ ಸಾಮಾನು ತಯಾರಿಸಿದ ವೇಟಾ ವರ್ಕ್‌ಶಾಪ್‌ಗೆ ಕತ್ತಿಗಳನ್ನು ಮಾಡಿದ ಪೀಟರ್ ಲಯನ್ ಅವರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ನನಗೆ ಬೇಕಿದ್ದದ್ದು ಪುಸ್ತಕದಲ್ಲಿ ಬರೆದ ಹಾಗೆ ಇರುವ ಕತ್ತಿ. ಈ ಅಂಗಡಿಯವರು ಅದನ್ನೇ ಹೇಳಿದ್ದರು. ಪುಸ್ತಕಕ್ಕೆ ನಿಷ್ಠವಾದದ್ದು, ಪೂರ್ತಿ ಕೈಯಲ್ಲಿ ಬಡಿದು ಮಾಡಿದ್ದು, ಒಬ್ಬನೇ ಕಮ್ಮಾರ ಮೊದಲಿಂದ ಕೊನೆತನಕ ಮಾಡಿದ್ದು. ಪಕ್ಕದಲ್ಲಿ ಕುಲುಮೆಯ ಚಿತ್ರ, ಕಿಡಿ ಹಾರುವ ಚಿತ್ರ, ಬೆವರಿಳಿಯುವ ತೋಳಿನ ಚಿತ್ರ. ಅದಕ್ಕೆ ತಕ್ಕ ಬೆಲೆಯನ್ನೂ ಕೇಳಿದರು, ನಾನು ಕೊಟ್ಟೆ.

ನಾನಿರೋದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಚೂರಿ ಕತ್ತರಿಗೆ ಹೆಸರಾದ ಊರು. ಇಲ್ಲಿ ಹರಿತವಾದ ಸಾಮಾನು ಅಂಚೆಯಲ್ಲಿ ಬಂದರೆ ಹದಿನೆಂಟು ದಾಟಿದೆ ಅಂತ ಗುರುತುಚೀಟಿ ತೋರಿಸಿ ತಗೋಬೇಕು. ಅದನ್ನೂ ತೋರಿಸಿ ಪೆಟ್ಟಿಗೆ ಒಳಗೆ ತಂದೆ. ಬಿಚ್ಚಿ ಕೈಗೆತ್ತಿಕೊಂಡ ಕೂಡಲೇ ಗೊತ್ತಾಯಿತು, ಇದು ಬಡಿದ ಕತ್ತಿ ಅಲ್ಲ. ಹಿಡಿಯ ಹತ್ತಿರ ಎಷ್ಟು ದಪ್ಪವೋ ತುದಿಯ ಹತ್ತಿರವೂ ಅಷ್ಟೇ ದಪ್ಪ. ನಿಜವಾದ ಕತ್ತಿಯ ಅಲಗು ತುದಿಗೆ ಹೋಗ್ತಾ ತೆಳುವಾಗುತ್ತೆ, ಅದಕ್ಕೇ ಅದು ಕೈಯಲ್ಲಿ ಹಗುರವಾಗಿ ತಿರುಗೋದು. ಇದರ ಭಾರವೆಲ್ಲ ಮುಂದಕ್ಕೇ ಎಳೆಯುತ್ತೆ. ಸ್ಟೇನ್‌ಲೆಸ್ ಪಟ್ಟಿಯನ್ನು ಮಷೀನಿನಲ್ಲಿ ಕತ್ತರಿಸಿ, ಅಂಚನ್ನು ಗ್ರೈಂಡರಿನಲ್ಲಿ ಸವೆಸಿ, ಪಾಲಿಶ್ ಹೊಡೆದಿದ್ದಾರೆ. ರೂನ್ ಅಕ್ಷರಗಳನ್ನು ಕೆತ್ತಿಲ್ಲ, ಲೇಸರ್‌ನಲ್ಲಿ ಸುಟ್ಟಿದ್ದಾರೆ. ಬೆರಳಾಡಿಸಿದರೆ ಉಗುರಿಗೆ ಸಿಗೋದೇ ಇಲ್ಲ.

ಇನ್ನು ಹಿಡಿ. ಹಿಡಿದು ಅಲ್ಲಾಡಿಸಿದರೆ ಒಳಗೆ ಲಟಲಟ ಸದ್ದು. ತುದಿಯ ಗುಂಡನ್ನು ತಿರುಗಿಸಿದರೆ ಬಿಚ್ಚಿಕೊಂಡು ಬಂತು. ಒಳಗೆ ನೋಡಿದರೆ ಪೆನ್ಸಿಲ್ ದಪ್ಪದ ಸರಳು, ತುದಿಯಲ್ಲಿ ನಟ್ಟು. ಆ ಸರಳನ್ನು ಅಲಗಿನ ಬುಡಕ್ಕೆ ವೆಲ್ಡಿಂಗ್ ಮಾಡಿ ಅಂಟಿಸಿದ್ದಾರೆ, ವೆಲ್ಡಿಂಗ್ ಗಂಟನ್ನು ಉಜ್ಜುವ ಸೌಜನ್ಯವೂ ಇಲ್ಲ. ಅಲಗಿನಿಂದ ಹಿಡಿಯೊಳಗೆ ಇಳಿಯುವ ಬಾಲಕ್ಕೆ ಟ್ಯಾಂಗ್ ಅಂತ ಹೆಸರು, ಕತ್ತಿ ಮಾಡುವವರು ಇಂಥದ್ದನ್ನು ಇಲಿಬಾಲದ ಟ್ಯಾಂಗ್ ಅಂತಾರೆ. ಸರಿಯಾದ ಕತ್ತಿಯಲ್ಲಿ ಅಲಗಿನ ಉಕ್ಕೇ ಅಗಲವಾಗಿ ಹಿಡಿಯೊಳಗೆ ಇಳಿದು ತುದಿಯವರೆಗೂ ಹೋಗುತ್ತೆ. ಎಲ್ಲೂ ಜೋಡಣೆ ಇಲ್ಲ.

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಅಲ್ಲಿ ಆಚಾರ್ರು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ತಂದು ಕುಲುಮೆಗೆ ಹಾಕಿ, ಅಡಿಗಲ್ಲಿನ ಮೇಲಿಟ್ಟು ಬಡಿದು, ಸೊಪ್ಪು ಸವರುವ ಕತ್ತಿ ಮಾಡ್ತಿದ್ದರು. ನೀರಿಗೆ ಅದ್ದಿ ತೆಗೆದು, ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಬರೋದನ್ನೇ ಕಾಯ್ತಾ ನಿಲ್ಲೋರು. ಮಾತಾಡಿಸಿದರೂ ತಲೆ ಎತ್ತುತ್ತಿರಲಿಲ್ಲ. ಹದ ಒಂಚೂರು ಹೆಚ್ಚಾದರೆ ಬಾಯಿ ಚಕ್ಕೆ ಏಳುತ್ತೆ, ಕಮ್ಮಿಯಾದರೆ ಮಡಚುತ್ತೆ. ಆ ಕತ್ತಿಯ ಬಾಲವನ್ನೂ ಅದೇ ಕಬ್ಬಿಣದಿಂದ ಎಳೆದು ಮಾಡ್ತಿದ್ದರು, ಬೇರೆ ಸರಳು ಅಂಟಿಸ್ತಿರಲಿಲ್ಲ. ಅಡಿಕೆ ತೋಟಕ್ಕೆ ಒಯ್ಯುವ ಕತ್ತಿಗೆ ಇದ್ದ ಮರ್ಯಾದೆ ರಾಜನ ಕತ್ತಿ ಅಂತ ಮಾರುವ ಸಾಮಾನಿಗೆ ಇಲ್ಲವಲ್ಲ!

ಸ್ಟೇನ್‌ಲೆಸ್ ಉಕ್ಕನ್ನು ನಾನು ಬೈತಾ ಇಲ್ಲ. ಹ್ಯಾರಿ ಬ್ರಿಯರ್ಲಿ 1913ರಲ್ಲಿ ಅದನ್ನು ಎರಕ ಹೊಯ್ದದ್ದು ನಾನಿರುವ ಇದೇ ಊರಿನಲ್ಲಿ. ಬಂದೂಕಿನ ನಳಿಗೆ ಬೇಗ ಸವೆಯಬಾರದು ಅಂತ ಹುಡುಕಲು ಹೊರಟಿದ್ದು, ಸಿಕ್ಕಿದ್ದು ತುಕ್ಕು ಹಿಡಿಯದ ಉಕ್ಕು. ಊಟದ ಚೂರಿಗೆ, ಅಡುಗೆಮನೆಗೆ ಅದಕ್ಕಿಂತ ಒಳ್ಳೇದಿಲ್ಲ. ಆದರೆ ಮೀಟರ್ ಹತ್ತಿರ ಉದ್ದದ ಅಲಗಿಗೆ ಬೇಕಾದದ್ದು ಬಾಗಿ ಮತ್ತೆ ನೆಟ್ಟಗಾಗುವ ಸ್ಪ್ರಿಂಗ್ ಉಕ್ಕು. ಅಷ್ಟುದ್ದದ ಅಗ್ಗದ ಸ್ಟೇನ್‌ಲೆಸ್ ಅಲಗು ಬಲವಾದ ಪೆಟ್ಟಿಗೆ ಪಟ್ಟನೆ ತುಂಡಾಗಬಹುದು. ಗೋಡೆಗೆ ತೂಗುಹಾಕೋದಕ್ಕೆ ಮಾತ್ರ ಅಂತ ಬರೆದು ಮಾರಿದರೆ ಯಾರ ತಕರಾರೂ ಇಲ್ಲ. ಇವರು ಹಾಗೆ ಬರೆಯಲಿಲ್ಲ, ಯುದ್ಧಕ್ಕೆ ಸಿದ್ಧ ಅಂತ ಬರೆದರು.

ಒರೆಯ ಕತೆ ಇನ್ನೂ ಹೊಟ್ಟೆ ಉರಿಸುತ್ತೆ. ಪುಸ್ತಕದಲ್ಲಿ ಲೊತ್ಲೋರಿಯೆನ್ ಎಂಬ ಎಲ್ಫ್ ನಾಡು ಬಿಡುವಾಗ ಅಲ್ಲಿನ ಒಡತಿ ಗಲಾಡ್ರಿಯೆಲ್ ಅರಗೋರ್ನ್‌ಗೆ ಈ ಕತ್ತಿಯ ಅಳತೆಗೇ ಮಾಡಿಸಿದ ಒರೆ ಕೊಡ್ತಾಳೆ. ಬೆಳ್ಳಿ ಬಂಗಾರದಲ್ಲಿ ಹೂವು ಎಲೆಗಳ ಕುಸುರಿ, ರತ್ನಗಳಲ್ಲಿ ಕೂಡಿಸಿದ ಕತ್ತಿಯ ಹೆಸರು. ಈ ಒರೆಯಿಂದ ಎಳೆದ ಅಲಗಿಗೆ ಸೋಲಿನಲ್ಲೂ ಕಲೆ ಹತ್ತದು, ಮುರಿಯದು ಅಂತಾಳೆ. ರತ್ನ ಹಾಕಿ ಅಂತ ಯಾರೂ ಕೇಳಿರಲಿಲ್ಲ. ಅಂಗಡಿಯವರು ಚರ್ಮದ್ದು ಅಂದಿದ್ದರು, ಬಂದದ್ದು ರೆಕ್ಸಿನ್. ಎಲೆಯ ಕುಸುರಿ ಅಂದಿದ್ದರು, ಬಂದದ್ದು ಚಿನ್ನದ ಬಣ್ಣದ ಸ್ಟಿಕ್ಕರ್, ಒಂದು ಮೂಲೆ ಆಗಲೇ ಎದ್ದಿತ್ತು.

ಇಷ್ಟೆಲ್ಲ ಫೋಟೋ ಸಮೇತ ಬರೆದು ಕಳಿಸಿದೆ. ಬಂದ ಉತ್ತರ ಏನು ಗೊತ್ತಾ? ಕೈಕೆಲಸವಾದ್ದರಿಂದ ಸಣ್ಣಪುಟ್ಟ ವ್ಯತ್ಯಾಸ ಸಹಜ, ಅದೇ ಅದರ ಸೊಗಸು ಅಂತೆ. ಒಂದು ನಕ್ಷತ್ರ ಕಮ್ಮಿ ಇರೋದೂ ಕಮ್ಮಾರನ ಕೈಯ ಗುರುತಂತೆ!

ನನ್ನ ಸಿಟ್ಟು ನೆತ್ತಿಗೇರಿದ್ದು ಆಮೇಲೆ. ಇದೇ ಕತ್ತಿ ಕೊಂಡ ಇನ್ನೊಬ್ಬರ ಪರಿಚಯವಾಯಿತು. ಅವರದರ ಫೋಟೋ ಕಳಿಸಿದರು. ಅದರಲ್ಲೂ ಆರೇ ನಕ್ಷತ್ರ. ಬಾಲಚಂದ್ರನ ಪಕ್ಕ ಅದೇ ಖಾಲಿ ಜಾಗ, ಮೂರನೇ ರೂನ್ ಅಕ್ಷರದ ಕಾಲು ಅದೇ ಜಾಗದಲ್ಲಿ ಮುರಿದಿದೆ. ಎರಡೂ ಫೋಟೋ ಒಂದರ ಮೇಲೊಂದು ಇಟ್ಟರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕೈಯಲ್ಲಿ ಮಾಡಿದವನು ಒಂದು ಕತ್ತಿಯಲ್ಲಿ ತಪ್ಪಿದ ಕಡೆಯೇ ಇನ್ನೊಂದರಲ್ಲೂ ಅಷ್ಟು ಕರಾರುವಾಕ್ಕಾಗಿ ತಪ್ಪುತ್ತಾನಾ? ಕಂಪ್ಯೂಟರಿನ ಒಂದು ಡ್ರಾಯಿಂಗ್‌ನಲ್ಲಿ ಯಾರೋ ತಪ್ಪು ಮಾಡಿದ್ದಾರೆ, ಮಷೀನು ಅದನ್ನೇ ಒಂದಾದ ಮೇಲೊಂದು ಸುಡ್ತಾ ಇದೆ. ಆ ತಪ್ಪನ್ನು ಇಲ್ಲದ ಕಮ್ಮಾರನ ತಲೆಗೆ ಕಟ್ತಿದ್ದಾರೆ.

ಇದನ್ನು ತೋರಿಸಿ ದುಡ್ಡು ವಾಪಸ್ ಕೇಳಿದರೆ, ನಿಮಗಾಗಿ ಮಾಡಿಸಿದ ಮಾಲು, ವಾಪಸ್ ತಗೊಳ್ಳಲ್ಲ ಅಂದರು. ನನಗಾಗಿ ಏನು ಮಾಡಿಸಿದ್ದರು? ಹೆಸರು ಕೆತ್ತಿಸಿರಲಿಲ್ಲ, ಅಳತೆ ಕೊಟ್ಟಿರಲಿಲ್ಲ. ಇಲ್ಲಿನ 2013ರ ನಿಯಮದಲ್ಲಿ ದೂರದಿಂದ ಕೊಂಡ ಮಾಲನ್ನು ಹದಿನಾಲ್ಕು ದಿನದೊಳಗೆ ಬೇಡ ಅನ್ನುವ ಹಕ್ಕಿದೆ. ಗಿರಾಕಿ ಹೇಳಿದ ಹಾಗೆಯೇ ಮಾಡಿಸಿದ ಸಾಮಾನಿಗೆ ಮಾತ್ರ ಅದು ಇಲ್ಲ. ಆ ವಿನಾಯಿತಿ ಇರೋದು ಅಳತೆ ಕೊಟ್ಟು ಹೊಲಿಸಿದ ಕೋಟನ್ನು ಬೇರೆ ಯಾರಿಗೂ ಮಾರಲಾಗದೆ ಪರದಾಡುವ ದರ್ಜಿಯ ರಕ್ಷಣೆಗೆ. ಗೋದಾಮಿನಲ್ಲಿ ಸಾಲಾಗಿ ಜೋಡಿಸಿಟ್ಟ ಕತ್ತಿಗೆ ಅದನ್ನು ಹಚ್ಚೋದು ನಾಚಿಕೆಗೇಡು. ಹೋಗಲಿ, ನನಗಾಗಿಯೇ ಮಾಡಿದ್ದು ಅಂತಲೇ ಇಟ್ಟುಕೊಳ್ಳೋಣ. ಆಗಲೂ 2015ರ ಗ್ರಾಹಕರ ಹಕ್ಕುಗಳ ಕಾಯ್ದೆ ಪ್ರಕಾರ ಮಾಲು ವಿವರಣೆಗೆ ತಕ್ಕಂತೆ ಇರಲೇಬೇಕು, ಇಲ್ಲದಿದ್ದರೆ ಮೂವತ್ತು ದಿನದೊಳಗೆ ತಿರಸ್ಕರಿಸಿ ಪೂರ್ತಿ ದುಡ್ಡು ಕೇಳಬಹುದು. ಇದನ್ನು ಬರೆದ ಮೇಲೆ ಆ ಕಡೆಯಿಂದ ಉಸಿರೇ ಇಲ್ಲ.

ಏನ್ ಮಾರಾಯ, ಗೋಡೆಗೆ ಹಾಕೋ ಕತ್ತಿಗೆ ಇಷ್ಟು ಸಿಟ್ಟಾ ಅಂತ ಗೆಳೆಯರು ಕೇಳ್ತಾರೆ. ಹೌದು, ಇಷ್ಟೇ ಸಿಟ್ಟು. ಈ ಕತ್ತಿಗಳು ಗೋಡೆಯ ಮೇಲೇ ಇರೋದಿಲ್ಲ. ಯುದ್ಧಕ್ಕೆ ಸಿದ್ಧ ಅಂತ ನಂಬಿದ ಹುಡುಗರು ಹಿತ್ತಲಲ್ಲಿ ಬೀಸ್ತಾರೆ, ನೀರಿನ ಬಾಟ್ಲಿ ಕತ್ತರಿಸಿ ನೋಡ್ತಾರೆ. ಆ ವೆಲ್ಡಿಂಗ್ ಬಿಟ್ಟರೆ ಹಿಡಿ ಕೈಯಲ್ಲಿ ಉಳಿಯುತ್ತೆ, ಅಲಗು ಎದುರಿಗೆ ನಿಂತವನ ಕಡೆ ಹಾರುತ್ತೆ.

ಇನ್ನೊಂದು ಮಾತು, ನನಗೆ ಹೆಚ್ಚು ನೋವು ಕೊಡೋದು ಇದೇ. ನಿಜವಾಗಲೂ ಕೈಯಲ್ಲಿ ಕತ್ತಿ ಮಾಡುವವರು ಇವತ್ತಿಗೂ ಇದ್ದಾರೆ. ಒಂದೊಂದಕ್ಕೆ ವಾರಗಟ್ಟಲೆ ತಗೊಳ್ತಾರೆ. ಹದ ಹಾಕುವಾಗ ಅಲಗು ಬಿರುಕು ಬಿಟ್ಟರೆ ಅಷ್ಟೂ ದಿನದ ದುಡಿಮೆ ಗುಜರಿಗೆ ಹೋಗುತ್ತೆ, ಮೊದಲಿಂದ ಶುರು ಮಾಡ್ತಾರೆ. ಅವರು ಹೇಳುವ ಬೆಲೆ ಕೇಳಿದ ಗಿರಾಕಿ, ಅಲ್ಲಿ ಅದರ ಕಾಲು ಭಾಗಕ್ಕೆ ಕೈಯಲ್ಲಿ ಬಡಿದದ್ದೇ ಸಿಗುತ್ತಲ್ಲ ಅಂತ ಎದ್ದು ಹೋಗ್ತಾನೆ. ಈ ಊರಲ್ಲಿ ಒಂದು ಕಾಲಕ್ಕೆ ಸಣ್ಣ ಕೋಣೆಯಲ್ಲಿ ಕೂತು ಚೂರಿ ಮಾಡುವ ಕುಶಲಕರ್ಮಿಗಳು ಬೀದಿ ಬೀದಿಗೂ ಇದ್ದರು, ಇವತ್ತು ಬೆರಳೆಣಿಕೆಗೆ ಬಂದಿದ್ದಾರೆ. ಕೆಲ್ಹಾಮ್ ಐಲ್ಯಾಂಡ್ ಮ್ಯೂಸಿಯಂಗೆ ಹೋದರೆ ಅವರ ಕೆಲಸದ ಕೋಣೆಗಳನ್ನು ನೋಡಬಹುದು. 1624ರಲ್ಲಿ ಇಲ್ಲಿನ ಚೂರಿ ಕೆಲಸದವರು ಪಾರ್ಲಿಮೆಂಟಿನ ಕಾಯ್ದೆ ಮಾಡಿಸಿಕೊಂಡು ತಮ್ಮದೇ ಒಂದು ಸಂಘ ಕಟ್ಟಿದರು. ಪ್ರತಿಯೊಬ್ಬನೂ ತಾನು ಮಾಡಿದ ಅಲಗಿಗೆ ತನ್ನದೇ ಮುದ್ರೆ ಹೊಡೆಯಬೇಕು, ಇನ್ನೊಬ್ಬನ ಮುದ್ರೆ ಹೊಡೆಯುವ ಹಾಗಿಲ್ಲ. ಆ ಸಂಘ ಈಗಲೂ ಇದೆ, ಶೆಫೀಲ್ಡ್ ಅನ್ನುವ ಹೆಸರನ್ನು ಸುಳ್ಳಾಗಿ ಬಳಸುವವರ ಮೇಲೆ ಈಗಲೂ ಬೀಳುತ್ತೆ. ನಾನೂರು ವರ್ಷದ ಹಿಂದಿನವರಿಗೆ ಗೊತ್ತಿತ್ತು, ಯಾರು ಮಾಡಿದರು ಅನ್ನೋದು ಕೊಳ್ಳುವವನಿಗೆ ತಿಳಿಯಲೇಬೇಕು ಅಂತ. ನನ್ನ ಕತ್ತಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ, ಮಾಡಿದವನ ಮುದ್ರೆ ಎಲ್ಲೂ ಇಲ್ಲ. ಆ ಕಮ್ಮಾರನ ಹೆಸರೇನು ಅಂತ ಅಂಗಡಿಯವರನ್ನು ಕೇಳಿದೆ, ಅದು ವ್ಯಾಪಾರದ ಗುಟ್ಟು ಅಂದರು.

ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟಿದ್ದೀನಿ. ಎರಡೂ ಕತ್ತಿಯ ಫೋಟೋ, ವೆಲ್ಡಿಂಗ್ ಗಂಟು, ಅವರ ಜಾಹೀರಾತಿನ ಪ್ರತಿ ಎಲ್ಲ ಸೇರಿಸಿದ್ದೀನಿ. ದುಡ್ಡು ಬಂದರೂ ಬಿಡಲ್ಲ. ಇಂಥ ಕತ್ತಿ ಕೊಳ್ಳಬೇಕು ಅಂತಿರುವವರು ದುಡ್ಡು ಕೊಡುವ ಮೊದಲು ಮೂರು ಪ್ರಶ್ನೆ ಬರೆದು ಕೇಳಿ: ಉಕ್ಕು ಯಾವುದು, ಹಿಡಿ ಬಿಚ್ಚಿದ ಫೋಟೋ ಕಳಿಸ್ತೀರಾ, ಮಾಡಿದವರು ಯಾರು. ಉತ್ತರವನ್ನು ಬರಹದಲ್ಲೇ ತಗೊಳ್ಳಿ. ನಿಮ್ಮ ಹತ್ತಿರ ಇದೇ ಕತ್ತಿ ಇದ್ದರೆ ದಯವಿಟ್ಟು ನಕ್ಷತ್ರ ಎಣಿಸಿ ಫೋಟೋ ಕಳಿಸಿ. ನನ್ನ ದೂರಿನ ಜೊತೆ ಅದನ್ನೂ ಲಗತ್ತಿಸ್ತೀನಿ.