ಬ್ಲೇಕ್‌ನ ಹುಲಿಯನ್ನು ಮೊದಲು ಕೇಳಿಸಿ, ಆಮೇಲೆ ತೋರಿಸಿ

ನಾನು ಧಾರವಾಡದವನು. ಈಗ ಪುಣೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ವರ್ಡ್ಸ್‌ವರ್ತ್, ಕೀಟ್ಸ್, ಬ್ಲೇಕ್ ಅಂಥ ಇಂಗ್ಲಿಷ್ ಕವಿಗಳು ಎರಡೂ ಊರಿನ ಪಾಠದಲ್ಲಿ ಇದ್ದಾರೆ. ಕಲಿಸುವ ರೀತಿ ಮಾತ್ರ ಬೇರೆ.

ಪುಣೆಯ ತರಗತಿಯಲ್ಲಿ ನಾವು ಬ್ಲೇಕ್ ಆರ್ಕೈವ್ ತೆರೆಯುತ್ತೇವೆ. ಬ್ಲೇಕ್‌ನ ಪುಸ್ತಕಗಳ ಪುಟಗಳನ್ನು ಚಿತ್ರಸಮೇತ ತೋರಿಸುವ, 1996ರಿಂದ ಇರುವ ಅಂತರ್ಜಾಲ ತಾಣ, ದುಡ್ಡು ಕೊಡಬೇಕಿಲ್ಲ. ಬ್ಲೇಕ್‌ಗೆ ಹೊಟ್ಟೆಪಾಡು ಕೆತ್ತನೆ ಕೆಲಸ. ಪದ್ಯ, ಚಿತ್ರ ಎರಡನ್ನೂ ಒಂದೇ ತಾಮ್ರದ ತಗಡಿನ ಮೇಲೆ ಮೂಡಿಸಿ, ಅಚ್ಚು ಹಾಕಿ, ಆಮೇಲೆ ಕೈಯಿಂದ ಬಣ್ಣ ಹಚ್ಚುತ್ತಿದ್ದ. ಹೆಂಡತಿ ಕ್ಯಾಥರೀನ್ ಕೂಡ ಜೊತೆಗಿರುತ್ತಿದ್ದಳು. ಹಾಗಾಗಿ 1794ರ ಅವನ ಹುಲಿಯ ಪದ್ಯ ‘ದಿ ಟೈಗರ್’ ಒಂದು ಪ್ರತಿಯಲ್ಲಿ ಇದ್ದಂತೆ ಇನ್ನೊಂದರಲ್ಲಿ ಇಲ್ಲ. ಪರದೆಯ ಮೇಲೆ ಆ ಹುಲಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಪದ್ಯದ ಹುಲಿ ಎದೆ ನಡುಗಿಸುತ್ತದೆ. ಚಿತ್ರದ ಹುಲಿ ಕೆಲವು ಪ್ರತಿಗಳಲ್ಲಿ ಸಾಕಿದ ಪ್ರಾಣಿಯಷ್ಟು ಸಾಧು! ಯಾಕೆ ಹೀಗೆ ಬಿಡಿಸಿದ ಅಂತ ಹುಡುಗರು ತಾವೇ ವಾದಕ್ಕೆ ಇಳಿಯುತ್ತಾರೆ. ಬರೀ ಪಠ್ಯಪುಸ್ತಕ ಇಟ್ಟುಕೊಂಡು ಇದು ಆಗುವುದಿಲ್ಲ.

ಧಾರವಾಡದ ಬಲ ಇರುವುದು ಕಿವಿಯಲ್ಲಿ. ಬೇಂದ್ರೆಯವರ ಊರಲ್ವಾ, ಪದ್ಯ ಅಂದರೆ ಅಲ್ಲಿ ಮೊದಲು ಕೇಳುವುದು. ನಮ್ಮ ಮಾಸ್ತರು ಟೈಗರ್ ಪದ್ಯವನ್ನು ಮೇಜಿನ ಮೇಲೆ ತಾಳ ಹಾಕುತ್ತಾ ಓದುತ್ತಿದ್ದರು. ಅದರಲ್ಲಿ ಸುತ್ತಿಗೆ, ಸರಪಳಿ, ಕುಲುಮೆ ಬರುತ್ತವೆ. ಅರ್ಥ ಆಗುವ ಮೊದಲೇ ಆ ಏಟು ನಮಗೆ ಕೇಳಿಸುತ್ತಿತ್ತು. ಪುಣೆಯ ನನ್ನ ಹುಡುಗರಿಗೆ ಇದು ಸಿಗುತ್ತಿಲ್ಲ.

ಈಗ ಧಾರವಾಡದಲ್ಲೂ ಪ್ರೊಜೆಕ್ಟರ್ ಬಂದಿದೆ. ಅಕ್ಕನ ಮಗಳು ಹೇಳಿದಳು, “ಮಾಮಾ, ಸರ್ ಪಿಪಿಟಿ ಹಾಕ್ತಾರ, ನಾವು ಫೋಟೊ ಹೊಡ್ಕೋತೀವಿ.” ಫೋಟೊ ನೋಡಿದೆ. ಕವಿ ಪರಿಚಯ, ಸಾರಾಂಶ, ಪರೀಕ್ಷೆಗೆ ಬರುವ ಪ್ರಶ್ನೆ. ಪದ್ಯವೇ ಇಲ್ಲ. ತುಂಬಾ ಬೇಜಾರಾಯಿತು. ಸಿಲಬಸ್ ಮುಗಿಸುವ ಒತ್ತಡ ನನಗೂ ಗೊತ್ತು, ಆದರೆ ಮಾಸ್ತರ ದನಿ ಬಿಟ್ಟುಕೊಟ್ಟು ಅದರ ಜಾಗದಲ್ಲಿ ಸಾರಾಂಶ ತಂದುಕೊಳ್ಳಬಾರದು. ಇಂಥದ್ದಕ್ಕೆ ಪ್ರೊಜೆಕ್ಟರ್ ಯಾಕೆ ಬೇಕು? ಗೈಡೇ ಸಾಕು.

ನನ್ನ ಮಾತು ಇಷ್ಟೇ. ಮೊದಲು ಜೋರಾಗಿ ಓದಿ. ಹುಡುಗರಿಂದಲೂ ಓದಿಸಿ, ಹುಬ್ಬಳ್ಳಿ ಕಡೆಯ ಉಚ್ಚಾರ ಬಂದರೆ ಬರಲಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರೆ ತಾಳ ಎಲ್ಲಿ ತಪ್ಪಿತು ಅಂತ ಅವರಿಗೇ ತಿಳಿಯುತ್ತದೆ. ಚಿತ್ರ ಆಮೇಲೆ. ಮೊದಲೇ ತೋರಿಸಿಬಿಟ್ಟರೆ ಓದುವವರ ಮನಸ್ಸಿನಲ್ಲಿ ಅವರದೇ ಹುಲಿ ಹುಟ್ಟುವುದಿಲ್ಲ. ಪುಣೆಯಲ್ಲಿ ನಾವು ಚಿತ್ರದಿಂದಲೇ ಶುರು ಮಾಡುತ್ತೇವೆ, ಅದನ್ನು ಬದಲಿಸಬೇಕು. ಅಕ್ಕನ ಮಗಳಿಗೆ ಆರ್ಕೈವ್‌ನ ಲಿಂಕ್ ಕಳಿಸಿದ್ದೇನೆ. ಪದ್ಯವನ್ನು ಓದಿ, ರೆಕಾರ್ಡ್ ಮಾಡಿ ನನಗೆ ಕಳಿಸಿದ ಮೇಲೇ ಅದನ್ನು ತೆರೆಯಬೇಕು ಅಂತ ಹೇಳಿದ್ದೇನೆ.