ಕೆರೆ ಏರಿಯ ಮೇಲೆ ಸಿಕ್ಕ ಡಬ್ಬಿ

ಬೆಳಿಗ್ಗೆ ಕುಂದವಾಡ ಕೆರೆಗೆ ವಾಕಿಂಗ್ ಹೋದವನು ಬಿಪಿ ಏರಿಸಿಕೊಂಡು ಬಂದೆ.

ನಮ್ಮ ಗುಂಪಿನ ಒಬ್ಬರು ಈಗ ಆಂಟಿಆಕ್ಸಿಡೆಂಟ್ ಪುಡಿ ಮಾರುತ್ತಾರೆ. ಡಬ್ಬಿಗೆ 2,400 ರೂಪಾಯಿ. ಕಲ್ಲುಬೆಂಚಿನ ಮೇಲೆ ತಲೆಗೆ ಸೆರಗು ಹೊದ್ದು ಒಬ್ಬ ಅಕ್ಕ ಕೂತಿದ್ದರು. ಕೀಮೋ ನಡೀತಿದೆ. ಪುಡಿ ಮಾರುವವರು ಬಾಯಲ್ಲಿದ್ದ ಗುಟ್ಕಾ ಪಕ್ಕಕ್ಕೆ ಉಗಿದು, "ದಿನಾ ಎರಡು ಚಮಚ ತಗೊಳ್ರಿ ಅಕ್ಕ, ಕ್ಯಾನ್ಸರ್ ಸೆಲ್ ಒಂದೂ ಉಳಿಯಲ್ಲ" ಅಂದರು. ಗುಟ್ಕಾ ಉಗಿದು! ಸುಳ್ಳು ಹೇಳುತ್ತಿಲ್ಲ.

ನಾನು ಡಾಕ್ಟರಲ್ಲ, ಪಿಯುಸಿ ಹುಡುಗರಿಗೆ ಕೆಮಿಸ್ಟ್ರಿ ಹೇಳುವ ಮೇಷ್ಟ್ರು, ನಿಮಗೆ ಗೊತ್ತು. ಫ್ರೀ ರಾಡಿಕಲ್ ಅನ್ನೋ ಚಂಚಲ ಅಣುಗಳು ಜೀವಕೋಶಕ್ಕೆ ಪೆಟ್ಟು ಕೊಡುತ್ತವೆ, ಆಂಟಿಆಕ್ಸಿಡೆಂಟ್ ಅದನ್ನು ತಡೆಯುತ್ತೆ. ಇಷ್ಟು ನಿಜ. ಆದರೆ ರೇಡಿಯೇಶನ್ನು, ಕೆಲವು ಕೀಮೋ ಔಷಧಿ ಕ್ಯಾನ್ಸರ್ ಕೋಶವನ್ನು ಕೊಲ್ಲೋದು ಇದೇ ಪೆಟ್ಟಿನಿಂದ. ಪುಡಿ ಆ ಕೋಶಕ್ಕೂ ಕೊಡೆ ಹಿಡಿದರೆ? ಇವನು ನಮ್ಮವನು, ಅವನು ಕಳ್ಳ ಅಂತ ಅದಕ್ಕೆ ಗುರುತು ಸಿಗುತ್ತಾ?

2014ರಲ್ಲಿ ಸ್ವೀಡನ್ನಿನವರು ಶ್ವಾಸಕೋಶದ ಕ್ಯಾನ್ಸರ್ ಶುರುವಾಗಿದ್ದ ಇಲಿಗಳಿಗೆ ವಿಟಮಿನ್ ಇ ಅನ್ನೋ ಆಂಟಿಆಕ್ಸಿಡೆಂಟ್ ಕೊಟ್ಟು ನೋಡಿದರು. ಗಡ್ಡೆ ಇನ್ನೂ ಬೇಗ ಬೆಳೆಯಿತು. ಹಾಳಾದ ಕೋಶವನ್ನು ತಡೆಯುವ ಪಿ53 ಅನ್ನೋ ಪ್ರೋಟೀನ್ ಕಡಿಮೆಯಾಗಿತ್ತು. ಪೆಟ್ಟೇ ಬೀಳದಿದ್ದರೆ ಕಾವಲುಗಾರ ಯಾಕೆ ಏಳುತ್ತಾನೆ?

ಇಲಿ ಬಿಡಿ, ಮನುಷ್ಯರ ಕತೆ ಕೇಳಿ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಪರೀಕ್ಷೆ ನಡೆಯಿತು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್, ಅದೂ ಆಂಟಿಆಕ್ಸಿಡೆಂಟೇ, ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಜಾಸ್ತಿ. ಫಲಿತಾಂಶ ಬಂದಿದ್ದು 1994ರಲ್ಲಿ. ಅಮೆರಿಕದವರು ಇಂಥದ್ದೇ ಪರೀಕ್ಷೆಯನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು, ಅಲ್ಲೂ ಶೇ. 28 ಜಾಸ್ತಿ.

"ಸಾರ್, ಅರಿಶಿನ ಲ್ಯಾಬಲ್ಲಿ ಕ್ಯಾನ್ಸರ್ ಸೆಲ್ ಕೊಂದಿದೆಯಲ್ಲ?" ಅಂತ ನೀವು ಕೇಳಬಹುದು. ಕೊಂದಿದೆ. ಗಾಜಿನ ತಟ್ಟೆಯಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದರೂ ಸಾಯುತ್ತವೆ, ಕುಡಿಯುತ್ತೀರಾ? ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನೋ ಆಂಟಿಆಕ್ಸಿಡೆಂಟ್ ಹೊಟ್ಟೆಯಿಂದ ರಕ್ತಕ್ಕೆ ಹೋಗೋದೇ ತೀರಾ ಕಡಿಮೆ.

ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. 2003ರಲ್ಲಿ ನಾನೇ ಅಪ್ಪನಿಗೆ ಬೀಟಾ ಕ್ಯಾರೋಟಿನ್ ಮಾತ್ರೆ ತಂದುಕೊಟ್ಟಿದ್ದೆ. ದಿನಕ್ಕೆ ಒಂದು ಕಟ್ಟು ಬೀಡಿ ಸೇದುವ ಅಪ್ಪನಿಗೆ! ಫಿನ್ಲೆಂಡಿನ ಸುದ್ದಿ ಬಂದು ಒಂಬತ್ತು ವರ್ಷ ಆಗಿತ್ತು, ಮೇಷ್ಟ್ರಿಗೆ ಗೊತ್ತಿರಲಿಲ್ಲ. ಬೀಡಿ ಬಿಡಿಸೋಕೆ ಜಗಳ ಆಡಬೇಕಿತ್ತು, ಮಾತ್ರೆಗೆ ದುಡ್ಡು ಸಾಕಿತ್ತು. ಅಪ್ಪ ಹೋಗಿದ್ದು ಹಾರ್ಟ್ ಅಟ್ಯಾಕ್‌ನಿಂದ, ಮಾತ್ರೆಯಿಂದಲ್ಲ. ಆದರೂ ಆ ಬಾಟಲಿಯ ಕಿತ್ತಳೆ ಬಣ್ಣದ ಮುಚ್ಚಳ ಇವತ್ತಿಗೂ ಕಣ್ಣಿಗೆ ಕಟ್ಟುತ್ತೆ.

ಇದನ್ನೆಲ್ಲ ಅಕ್ಕನಿಗೆ ಸ್ವಲ್ಪ ಮೆತ್ತಗೆ ಹೇಳಿದೆ.

"ಹಂಗಾದ್ರೆ ಮೆಂತ್ಯೆ ಸೊಪ್ಪು, ನೆಲ್ಲಿಕಾಯಿ ತಿನ್ನಬಾರ್ದಾ ಸಾರ್?"

"ಊಟಕ್ಕೆ ಹಾಕ್ಕೊಂಡು ತಿನ್ರಿ ಅಕ್ಕ. ಈ ಡಬ್ಬಿನ ಮಾತ್ರ ನಿಮ್ಮ ಡಾಕ್ಟರಿಗೆ ತೋರಿಸದೆ ತೆಗೀಬೇಡಿ."

ತಲೆ ಆಡಿಸಿದರು. ಆಮೇಲೆ ಸಣ್ಣ ದನಿಯಲ್ಲಿ, "ದುಡ್ಡು ಆಗ್ಲೇ ಫೋನ್‌ಪೇ ಮಾಡಿಬಿಟ್ಟೆ ಸಾರ್" ಅಂದರು.